ಪೈಯ ಕೊನೆಯ ಎರಡು ಅಂಕಿ

2025ರ ಜೂನ್ 1, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಇದು ಶುರುವಾದದ್ದು ಆಗ. ಗಡಿಭಾಗದ ಅವಲಪಲ್ಲಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಅಪ್ಪ ಬರೆದುಕೊಟ್ಟ ಹಾಳೆಗಳನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ಅಪ್ಪ ಕೆಲಸ ಮಾಡಿದ ಕಾರ್ಖಾನೆಯಿಂದ ನಿವೃತ್ತರಾದವರೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ತಮಿಳು, ಕನ್ನಡ, ತೆಲುಗು ಮೂರರಲ್ಲೂ ಪುಟಗಳಿರುತ್ತವೆ. ಕನ್ನಡದ ಪುಟಗಳು ಅಪ್ಪನ ಪಾಲಿಗೆ ಬಂದಿವೆ. ಅಪ್ಪ ಬರೆಯುತ್ತಾರೆ, ನಾನು ಟೈಪ್ ಮಾಡುತ್ತೇನೆ, ಕಾಗುಣಿತ ತಿದ್ದುತ್ತೇನೆ.

ಏಳನೆಯ ಹಾಳೆ 'ನಗೆ ಹನಿಗಳು'. ಅದರಲ್ಲಿ ಹೀಗಿತ್ತು: "ನಮ್ಮ ಟೂಲ್‌ರೂಮಿನ ಮಹಾ ಗಣಿತಜ್ಞರೊಬ್ಬರು ಪೈ ಬೆಲೆ ಕಂಡುಹಿಡಿಯುವ ಪಂದ್ಯದಲ್ಲಿ ಇಡೀ ಶಿಫ್ಟು ಕ್ಯಾಲ್ಕುಲೇಟರ್ ಓಡಿಸಿ, ಕೊನೆಗೆ ಅದರಲ್ಲೇ ಇದ್ದ ಪೈ ಬಟನ್ ಒತ್ತಿ ಉತ್ತರ ಕೊಟ್ಟು ಸಿಕ್ಕಿಬಿದ್ದರು. ಅಂದಿನಿಂದ ಅವರ ಹೆಸರೇ ಬಟನ್."

ಬಟನ್ ಎಂದರೆ ನನ್ನ ಸೋದರಮಾವ, ಅಮ್ಮನ ಅಣ್ಣ, ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿದ್ದವರು. ಮದುವೆ ಮನೆಗಳಲ್ಲಿ ಅಪ್ಪನ ಗೆಳೆಯರು "ಬಟನ್ನು ಬಂತಾ?" ಎಂದು ಕೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಂಗಿಯ ಗುಂಡಿಗೆ ಸಂಬಂಧಿಸಿದ ಏನೋ ಹಳೆಯ ತಮಾಷೆ ಇರಬೇಕು ಎಂದುಕೊಂಡಿದ್ದೆ. ಆ ಹಾಳೆ ಓದಿದ ಮೇಲೆ ನನ್ನ ಡೈರಿಗಳನ್ನು ತೆಗೆದು ನೋಡಿದೆ. ಆರು ವರ್ಷದಲ್ಲಿ ನಮ್ಮ ಕಡೆ ನಡೆದ ಸಮಾರಂಭಗಳು ಹನ್ನೊಂದು. ಮಾವ ಬಂದದ್ದು ಎರಡಕ್ಕೆ. ಎರಡರಲ್ಲೂ ಊಟಕ್ಕೆ ಮುಂಚೆಯೇ ಹೊರಟುಹೋಗಿದ್ದರು.

ನಾನೂ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಬಿಡಿಭಾಗಗಳನ್ನು ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಳತೆ ಇಲ್ಲದೆ ಒಂದು ತುಂಡನ್ನೂ ತಿರಸ್ಕರಿಸುವ ಹಾಗಿಲ್ಲ. ಮಾವನನ್ನು ತಿರಸ್ಕರಿಸಲು ಯಾರು ಏನನ್ನು ಅಳೆದರು? ಅಪ್ಪನನ್ನು ಕೇಳಿದೆ.

"ಅಯ್ಯೋ, ಅದು ಹಳೇ ಕತೆ ಕಣಮ್ಮ. ಟೈಪ್ ಮಾಡು, ಸಾಕು."

ಜೂನ್ 8ರಂದು ಡೆಂಕಣಿಕೋಟೆಯಲ್ಲಿ ಬಸ್ಸು ಬದಲಾಯಿಸಿ ಅಂಚೆಟ್ಟಿಗೆ ಹೋದೆ. ಅಲ್ಲಿಂದ ನಲವತ್ತು ನಿಮಿಷ ನಡಿಗೆ. ಮಾವ ಅತ್ತೆಯ ಊರಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅರವತ್ತೆಂಟು ವರ್ಷವಾದರೂ ಸುತ್ತಲಿನ ಹಳ್ಳಿಗಳ ಪಂಪುಸೆಟ್ಟುಗಳೆಲ್ಲ ಅವರ ಜಗಲಿಗೇ ಬರುತ್ತವೆ. ನಾನು ಹೋದಾಗ ಒಂದು ಪಂಪಿನ ಬುಷ್‌ಗೆ ಅರ ಹಾಕುತ್ತಿದ್ದರು. ನೀರು ಕುಡಿದವಳೇ ನೇರವಾಗಿ ಕೇಳಿದೆ.

"ಮಾವ, ನೀವು ಆವತ್ತು ಪೈ ಬಟನ್ ಒತ್ತಿದ್ರಾ?"

ಅವರ ಕೈ ನಿಲ್ಲಲಿಲ್ಲ. "ನೀನೂ ಅದ್ನೇ ಕೇಳಾಕ್ ಬಂದ್ಯಾ?"

"ಸಂಚಿಕೆಗೆ ಟೈಪ್ ಮಾಡ್ತಿರೋಳು ನಾನು. ಅಚ್ಚಿಗೆ ಹೋಗೋ ಮುಂಚೆ ಕೇಳ್ತಿದೀನಿ."

"ಯಾರು, ನಿಮ್ಮಪ್ಪ ಬರ್ದವ್ನಾ?"

"ಹೂಂ."

"ಅವ್ನ ಕಾಗುಣಿತ ಮೊದ್ಲಿಂದ್ಲೂ ಸರ್ಯಾಗಿಲ್ಲ."

"ಆ ಹಾಳೇಲಿ ಹದಿನಾಲ್ಕು ತಪ್ಪಿದ್ವು. ತಿದ್ದಿದೀನಿ."

"ಹದ್ನೈದು ಕಣಮ್ಮಿ. ನಾನ್ ಒತ್ಲಿಲ್ಲ."

ಆಮೇಲೆ ಅರ ಕೆಳಗಿಟ್ಟು ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಅದೇ ಕ್ಯಾಲ್ಕುಲೇಟರ್ ಇತ್ತು. ಕೆಂಪು ದೀಪದ ಅಂಕಿಗಳದ್ದು, ಅಂಗೈಗಿಂತ ಸ್ವಲ್ಪ ಉದ್ದ. ನಾವೇ ಹೇಳಿಕೊಟ್ಟ ನಲವತ್ತೊಂಬತ್ತು ಹೆಜ್ಜೆಗಳನ್ನು ನೆನಪಿಟ್ಟುಕೊಂಡು ತಾನೇ ಮತ್ತೆ ಮತ್ತೆ ಮಾಡುತ್ತದೆ. ಕರೆಂಟು ಹೋದರೆ ಎಲ್ಲ ಮರೆಯುತ್ತದೆ. ಕಾರ್ಖಾನೆಯವರು ಅದನ್ನು ಹಳೆಯ ಸಾಮಾನಿನ ಪಟ್ಟಿಗೆ ಸೇರಿಸಿದ್ದರಂತೆ. ಮಾವ ನಿವೃತ್ತರಾದ ದಿನ ಹಾರದ ಜೊತೆಗೆ ಅದನ್ನೂ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರಂತೆ. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನನ್ನು ಕೊನೆಯ ದಿನವೂ ಹೀಗೆ ಹಂಗಿಸಿ ಕಳಿಸಿದರು. ಸಭೆಯೆಲ್ಲ ನಕ್ಕಿತಂತೆ. ಇದನ್ನು ಹೇಳುವಾಗ ಮಾವನ ದನಿ ಏರಲಿಲ್ಲ.

ಪಂದ್ಯ ನಡೆದದ್ದು ಮಾವನಿಗೆ ಇಪ್ಪತ್ತಾರು ವರ್ಷವಿದ್ದಾಗ. ಕಾರ್ಖಾನೆಗೆ ಕಂಪ್ಯೂಟರ್‌ನಿಂದ ನಡೆಯುವ ಯಂತ್ರಗಳು ಬರಲಿದ್ದವು. ಅವುಗಳ ತರಬೇತಿಗೆ, ಅಚ್ಚು ಉಪಕರಣಗಳನ್ನು ತಯಾರಿಸುವ ಟೂಲ್‌ರೂಮಿನಿಂದ ಒಬ್ಬನನ್ನು ಆರಿಸಬೇಕಿತ್ತು. ಅದಕ್ಕೇ ಈ ಪಂದ್ಯ. ಒಂದು ಶಿಫ್ಟಿನೊಳಗೆ ಆ ಕ್ಯಾಲ್ಕುಲೇಟರಿನಲ್ಲಿ ಪ್ರೋಗ್ರಾಂ ಬರೆದು ಪೈಯ ಬೆಲೆ ಕಂಡುಹಿಡಿಯಬೇಕು, ಪೈ ಕೀಲಿ ಮುಟ್ಟಬಾರದು. ತೀರ್ಪು ಕೊಡುವವರು ಒಬ್ಬ ಎಂಜಿನಿಯರ್. ಎದುರಿಗೆ ಕೂತು ಗಡಿಯಾರ ನೋಡಿಕೊಳ್ಳುವವರು ಒಬ್ಬ ಆಪರೇಟರ್.

ಮಾವ ಹಿಡಿದ ದಾರಿ ಸುಲಭದ್ದು. ನಾಲ್ಕರಿಂದ ನಾಲ್ಕರ ಮೂರನೇ ಒಂದು ಭಾಗ ಕಳೆ, ಐದನೇ ಒಂದು ಭಾಗ ಕೂಡು, ಏಳನೇ ಒಂದು ಭಾಗ ಕಳೆ, ಹೀಗೇ ಹೋಗುತ್ತಿರು. ಮೊತ್ತ ಒಮ್ಮೆ ಪೈಗಿಂತ ಮೇಲೆ, ಒಮ್ಮೆ ಕೆಳಗೆ ತೂಗಾಡುತ್ತ ನಿಧಾನವಾಗಿ ಹತ್ತಿರ ಬರುತ್ತದೆ. ನಿಧಾನವೆಂದರೆ ತೀರಾ ನಿಧಾನ. ಒಂದು ಸುತ್ತಿಗೆ ಎರಡೂವರೆ ಸೆಕೆಂಡಿನಂತೆ ಹತ್ತು ಸಾವಿರ ಸುತ್ತಿಗೆ ಹೆಚ್ಚುಕಡಿಮೆ ಏಳು ಗಂಟೆ. ಅಷ್ಟೆಲ್ಲ ಓಡಿದ ಮೇಲೂ ಬರುವುದು 3.1414 ಎಂದು. ಐದನೆಯ ಅಂಕಿಯೇ ತಪ್ಪು.

"ಆಗ ನಾನೇನ್ ಮಾಡ್ದೆ ಗೊತ್ತಾ? ಲೇತ್‌ನಲ್ಲಿ ನಾಕು ಜಾ ಇರೋ ಚಕ್ಕಿಗೆ ಜಾಬ್ ಕಟ್ತೀವಲ್ಲ, ಡಯಲ್ ಗೇಜ್ ಇಟ್ಟು ತಿರುಗಿಸಿದ್ರೆ ಮುಳ್ಳು ಹತ್ತು ಗೆರೆ ಓಡಾಡ್ತದೆ. ಜಾನ ಎಷ್ಟು ಸರಿಸ್ತೀಯ?"

"ಐದು ಗೆರೆ." ಚಕ್ಕು ಎಂದರೆ ತಿರುಗುವ ತುಂಡನ್ನು ಜಾ ಎಂಬ ನಾಲ್ಕು ದವಡೆಗಳಲ್ಲಿ ಹಿಡಿಯುವ ಭಾಗ; ತುಂಡು ನಡುವಿನಿಂದ ಎಷ್ಟು ಸರಿದಿದೆ ಎಂದು ಡಯಲ್ ಗೇಜಿನ ಮುಳ್ಳು ತೋರಿಸುತ್ತದೆ.

"ಯಾಕೆ?"

"ಅರ್ಧ ಸರಿಸಿದ್ರೆ ಸೆಂಟರಿಗೆ ಬರುತ್ತೆ."

"ಅಷ್ಟೇ ಕಣಮ್ಮಿ. ಮುಂದಿನ್ ಸುತ್ತಲ್ಲಿ ಎಷ್ಟು ಕೂಡ್ಬೇಕಿತ್ತೋ ಅದ್ರಲ್ಲಿ ಅರ್ಧ ಕೂಡಿ ನಿಲ್ಲಿಸ್ಬುಟ್ಟೆ."

ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ. ಆ ಅರ್ಧವನ್ನು ಕೂಡಿದರೆ ಐದನೆಯ ಅಂಕಿಯಲ್ಲಿದ್ದ ತಪ್ಪು ಒಮ್ಮೆಗೇ ಒಂಬತ್ತನೆಯ ಅಂಕಿಗೆ ಹೋಗುತ್ತದೆ. ಇದನ್ನು ಯಾವ ಪುಸ್ತಕವೂ ಇಲ್ಲದೆ, ಚಕ್ಕಿನ ಮುಂದೆ ನಿಂತು ಕಲಿತ ಅಭ್ಯಾಸದಿಂದ ಒಬ್ಬರು ಮಾಡಿದ್ದರು.

ಆದರೆ ಅದೇ ಟೂಲ್‌ರೂಮಿನ ಇನ್ನೊಂದು ಅಭ್ಯಾಸ ಅವರನ್ನು ಕೆಡಿಸಿತು. ಯಂತ್ರ ಮಾಡುವಷ್ಟನ್ನು ಯಂತ್ರ ಮಾಡಲಿ, ಕೊನೆಯ ಹದವನ್ನು ಕೈಯಿಂದಲೇ ಕೊಡಬೇಕು ಎಂದು ಅಲ್ಲಿ ಎಲ್ಲರಿಗೂ ಕಲಿಸಿರುತ್ತಾರೆ. ಮಾವ ಆ ಅರ್ಧವನ್ನು ಪ್ರೋಗ್ರಾಮಿನಲ್ಲಿ ಬರೆಯಲಿಲ್ಲ. ಹೆಜ್ಜೆಗಳು ಬೇಕಾದಷ್ಟು ಉಳಿದಿದ್ದವು, ಆದರೂ ಬರೆಯಲಿಲ್ಲ. ಪ್ರೋಗ್ರಾಂ ನಿಂತ ಮೇಲೆ ಕೈಯಿಂದ ಕೀಲಿ ಒತ್ತಿ ಕೂಡಿದರು. ಬಂದ ಉತ್ತರ 3.141592681. ನಿಜವಾದದ್ದು 3.141592654. ಮೊದಲ ಎಂಟು ಅಂಕಿ ಸರಿ, ಕೊನೆಯ ಎರಡು ಬೇರೆ.

ಎಂಜಿನಿಯರ್ ಪ್ರೋಗ್ರಾಮಿನ ಹಾಳೆ ನೋಡಿದರಂತೆ. ಈ ದಾರಿಯಲ್ಲಿ ಹತ್ತು ಸಾವಿರ ಸುತ್ತಿಗೆ ನಾಲ್ಕೇ ಅಂಕಿ ಸರಿ ಬರಲು ಸಾಧ್ಯವೆಂದು ಓದಿಕೊಂಡವರಿಗೆ ಗೊತ್ತಿತ್ತು. ಆಪರೇಟರನ್ನು ಕರೆದು ಕೇಳಿದರಂತೆ. "ಕೊನೇಲಿ ಏನೋ ಒತ್ತಿದ ಸಾರ್" ಎಂದು ಅವನು ಹೇಳಿದನಂತೆ. ಸರಿ, ಪೈ ಕೀಲಿ ಒತ್ತಿದ್ದಾನೆ, ಅನುಮಾನ ಬಾರದಿರಲೆಂದು ಕೊನೆಯ ಎರಡು ಅಂಕಿ ಕೆಡಿಸಿದ್ದಾನೆ ಎಂದು ತೀರ್ಮಾನವಾಯಿತು. ಅರ್ಧದ ವಿಷಯ ಹೇಳಲು ಹೋದರೆ ಯಾರೂ ನಿಂತು ಕೇಳಲಿಲ್ಲ. ತರಬೇತಿಗೆ ಬೇರೆಯವನು ಹೋದ. ಮಾವ ನಿವೃತ್ತರಾಗುವವರೆಗೂ ಅರ ಹಿಡಿದೇ ಇದ್ದರು.

"ಆ ಆಪರೇಟರ್ ಯಾರು ಮಾವ?"

"ನಿಮ್ಮಪ್ಪನ್ನೇ ಕೇಳು."

ಕೇಳಬೇಕಾಗಿರಲಿಲ್ಲ.

ಪಂದ್ಯದ ಪ್ರೋಗ್ರಾಂ ಹಾಳೆ ಡಬ್ಬಿಯಲ್ಲೇ ಇತ್ತು. ನನ್ನ ಯೋಚನೆ ಸರಳವಾಗಿತ್ತು. ಈ ಯಂತ್ರ ಹತ್ತೇ ಅಂಕಿಗಳನ್ನು ಇಟ್ಟುಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಹನ್ನೊಂದನೆಯದನ್ನು ಬಿಡುತ್ತದೆ. ಹತ್ತು ಸಾವಿರ ಸಲ ಬಿಟ್ಟ ಚೂರುಗಳು ಸೇರಿಯೇ ಕೊನೆಯ ಎರಡು ಅಂಕಿ ತಪ್ಪಾಗಿರಬೇಕು. ಹಾಗಿದ್ದರೆ ಅದೇ ಯಂತ್ರದಲ್ಲಿ ಅದೇ ಪ್ರೋಗ್ರಾಂ ಇವತ್ತು ಓಡಿಸಿದರೂ ಅದೇ 81 ಬರಬೇಕು. ಕಳ್ಳತನಕ್ಕೆ ಸಾಕ್ಷಿ ಎಂದುಕೊಂಡ ಆ ತಪ್ಪು ಅಂಕಿಗಳೇ ಮಾವನ ಪರ ಸಾಕ್ಷಿ ಹೇಳುತ್ತವೆ. ಅಂಚೆಟ್ಟಿ ಕಡೆ ಏಳು ಗಂಟೆ ಬಿಡದೆ ಕರೆಂಟು ಇರುತ್ತದೆಂಬ ನಂಬಿಕೆ ಇಲ್ಲ. ಡಬ್ಬಿಯನ್ನು ಅವಲಪಲ್ಲಿಗೆ ತಂದೆ.

ಬ್ಯಾಟರಿಗಳು ಸೋರಿ ಹಸಿರುಗಟ್ಟಿದ್ದವು. ತೆಗೆದು ಒರೆಸಿ, ಅಡಾಪ್ಟರ್ ಚುಚ್ಚಿದೆ. ಕೆಂಪು ಅಂಕಿಗಳು ಬೆಳಗಿದವು.

ಜೂನ್ 15, ಭಾನುವಾರ. ಬೆಳಿಗ್ಗೆ 9.10ಕ್ಕೆ ಶುರು. ಪ್ರತಿ ಸುತ್ತಿಗೂ ಎಣಿಕೆ ಒಂದು ಕ್ಷಣ ಮಿನುಗುವಂತೆ ಮಾವನ ಪ್ರೋಗ್ರಾಮಿನಲ್ಲೇ ಇದೆ. 11ಕ್ಕೆ 2,640. ಮಧ್ಯಾಹ್ನ 2ಕ್ಕೆ 6,960. ಅಮ್ಮ ಪಕ್ಕದ ಬೀದಿಯ ನಾಮಕರಣಕ್ಕೆ ಹೋಗಿದ್ದರು. ಕ್ಯಾಲ್ಕುಲೇಟರಿನ ಮೇಲೆ 'ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿ, ಅಪ್ಪ ಮನೆಯಲ್ಲಿದ್ದಾರಲ್ಲ ಎಂದು ಅಂಗಡಿಗೆ ಹೋದೆ. 2.35ಕ್ಕೆ ಬಂದಾಗ ಮನೆಗೆ ಬೀಗ. ಒಳಗೆ ಕ್ಯಾಲ್ಕುಲೇಟರ್ ಕಪ್ಪಗಿತ್ತು. ಫ್ರಿಜ್ಜು ಬಿಟ್ಟರೆ ಮನೆಯ ಒಂದು ಸ್ವಿಚ್ಚೂ ಆನ್ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಸಂಚಿಕೆಯ ಮೀಟಿಂಗಿನಲ್ಲಿದ್ದರು.

"ಸ್ವಿಚ್ ಯಾಕೆ ಆಫ್ ಮಾಡಿದ್ರಿ?"

"ಮನೇಲಿ ಯಾರೂ ಇರ್ಲಿಲ್ವಲ್ಲ. ಕೊನೇಗ್ ಹೋಗೋನು ಎಲ್ಲಾ ಆಫ್ ಮಾಡ್ಬೇಕು. ನಿಮ್ ಫ್ಯಾಕ್ಟ್ರೀಲಿ ಹೇಳ್ಕೊಟ್ಟಿಲ್ವಾ?"

"ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದೆ!"

"ನೋಡ್ದೆ. ಅದುನ್ನ ಮುಟ್ಲಿಲ್ಲಮ್ಮ. ಗೋಡೇಲಿರೋ ಸ್ವಿಚ್ ತಾನೆ ಒತ್ತಿದ್ದು."

ಹಿಂದೆ ಯಾರೋ ತಮಿಳಿನಲ್ಲಿ ಜೋರಾಗಿ ನಗುತ್ತಿದ್ದರು. ನನ್ನ ಕಾರ್ಖಾನೆಯಲ್ಲಾದರೆ ಚೀಟಿಯನ್ನು ಸ್ವಿಚ್ಚಿಗೇ ಕಟ್ಟುತ್ತಿದ್ದೆ, ಅದು ನನಗೆ ಗೊತ್ತಿದ್ದ ಪಾಠ. ಆದರೂ ಆವತ್ತು ನನಗೆ ಅನಿಸಿದ್ದು ಒಂದೇ: ಇವರು ಬೇಕೆಂದೇ ಮಾಡಿದ್ದಾರೆ. ಆ ವಾರ ಅಪ್ಪನೊಂದಿಗೆ ಆಡಿದ ಮಾತುಗಳು ಒಟ್ಟು ನಾಲ್ಕು. 'ಹೂಂ' ಎರಡು ಸಲ, 'ಬೇಡ' ಒಂದು ಸಲ, 'ಗ್ಯಾಸ್ ಬಂತು' ಒಂದು ಸಲ. ಬೇರೆ ಹಾಳೆಗಳ ಟೈಪಿಂಗನ್ನೂ ನಿಲ್ಲಿಸಿದೆ.

ಜೂನ್ 22. ಈ ಸಲ ಬೆಳಿಗ್ಗೆ 6.30ಕ್ಕೇ ಶುರು ಮಾಡಿದೆ. ಸ್ವಿಚ್ಚಿನ ಮೇಲೆ ಕೆಂಪು ಟೇಪು ಸುತ್ತಿದೆ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. ಅಮ್ಮ ತಿಂಡಿಯನ್ನು ಅಲ್ಲಿಗೇ ತಂದುಕೊಟ್ಟರು. 9ಕ್ಕೆ 3,600. 9.17ಕ್ಕೆ 4,011 ಎಂದು ಮಿನುಗಿತು. ಆಮೇಲೆ ಅಂಕಿಗಳ ಬದಲು ಅರ್ಥವಿಲ್ಲದ ಕೆಂಪು ಗೀರುಗಳು ಬಂದವು. ಆಮೇಲೆ ಏನೂ ಇಲ್ಲ. ಯಾರೂ ಸ್ವಿಚ್ ಮುಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ. ಅದು ಮತ್ತೆ ಬೆಳಗಲಿಲ್ಲ.

ಎರಡು ದಿನ ಬಿಟ್ಟು, ಇಂಥ ಹಳೆಯ ಕ್ಯಾಲ್ಕುಲೇಟರುಗಳನ್ನು ಸಂಗ್ರಹಿಸುವವರು ಅಂತರ್ಜಾಲದಲ್ಲಿ ಬರೆದಿದ್ದನ್ನು ಓದಿದೆ. ಬ್ಯಾಟರಿ ಇಲ್ಲದೆ ಇವನ್ನು ಬರೀ ಅಡಾಪ್ಟರಿನಿಂದ ಎಂದೂ ಓಡಿಸಬಾರದಂತೆ. ಅಡಾಪ್ಟರಿನ ಏರಿಳಿತವನ್ನು ತಡೆಯುವುದು ಆ ಬ್ಯಾಟರಿಯೇ. ಅದಿಲ್ಲದಿದ್ದರೆ ಒಳಗಿನ ಚಿಪ್ ಸುಟ್ಟುಹೋಗುತ್ತದೆ. ಆ ಸಾಲನ್ನು ಮೂರು ಸಲ ಓದಿದೆ. ಅಪ್ಪ ಸ್ವಿಚ್ ಆರಿಸಿದ್ದರಿಂದ ಹೋದದ್ದು ಒಂದು ದಿನ. ಯಂತ್ರವನ್ನೇ ಕೊಂದವಳು ನಾನು. ಅಷ್ಟು ವರ್ಷ ಡಬ್ಬಿಯಲ್ಲಿ ಕೆಡದೆ ಇದ್ದದ್ದನ್ನು ಎರಡು ಭಾನುವಾರದಲ್ಲಿ ಸುಟ್ಟೆ. ಓದಿ ನೋಡುವ ಮುಂಚೆ ಪ್ಲಗ್ ಚುಚ್ಚಿದ್ದೆ. ಕೇಳಿ ನೋಡುವ ಮುಂಚೆ ತೀರ್ಪು ಕೊಟ್ಟ ಆ ಎಂಜಿನಿಯರಿಗೂ ನನಗೂ ಏನು ವ್ಯತ್ಯಾಸ ಎಂದು ಯೋಚಿಸಿ ಸಿಟ್ಟು ಇನ್ನೂ ಹೆಚ್ಚಾಯಿತು.

ಲ್ಯಾಪ್‌ಟಾಪಿನಲ್ಲಿ ಹತ್ತೇ ಅಂಕಿ ಇಟ್ಟುಕೊಂಡು ಲೆಕ್ಕ ಓಡಿಸಿ ನೋಡಿದೆ. ಹನ್ನೊಂದನೆಯ ಅಂಕಿಯನ್ನು ಸುಮ್ಮನೆ ಕತ್ತರಿಸಿದರೆ ಒಂದು ಉತ್ತರ, ಹತ್ತಿರದ ಅಂಕಿಗೆ ಸರಿಹೊಂದಿಸಿದರೆ ಇನ್ನೊಂದು. ಎರಡೂ 81 ಅಲ್ಲ. ಆ ಯಂತ್ರ ಒಳಗೊಳಗೆ ಏನು ಮಾಡುತ್ತಿತ್ತೋ ನನಗೆ ತಿಳಿಯದು. ಅದನ್ನು ಹೇಳಬಲ್ಲದ್ದು ಅದೊಂದೇ.

ಬುಧವಾರ ಸಂಜೆ ಅಪ್ಪ ತಾವಾಗಿಯೇ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಇನ್ನೂ ಕೋಪಾನಾ? ಒಂದು ತಮಾಷೆಗೆ ಇಷ್ಟೊಂದು ಹಟ ಯಾಕಮ್ಮ?"

"ಅವತ್ತು ಎದುರಿಗೆ ಕೂತಿದ್ದೋರು ನೀವೇ ತಾನೆ?"

"ಹೂಂ."

"ಮಾವ ಎಷ್ಟು ಸಲ ಒತ್ತಿದ್ರು?"

"ಏನು?"

"ಕೊನೇಲಿ. ಒಂದು ಸಲಾನಾ, ಎರಡು ಸಲಾನಾ?"

ಅಪ್ಪ ಕಣ್ಣು ಮುಚ್ಚಿ, ಬೆರಳನ್ನು ಮೇಜಿನ ಮೇಲೆ ಟಕ್ ಟಕ್ ಎಂದು ಬಡಿದರು. "ಎಂಟು. ಒಂಬತ್ತೂ ಇರ್ಬೋದು. ಸುಮಾರು ಹೊತ್ತು ಒತ್ತುತ್ತಾ ಇದ್ದ."

ಪೈ ಬರಲು ಆ ಯಂತ್ರದಲ್ಲಿ ಎರಡು ಸಲ ಒತ್ತಿದರೆ ಸಾಕು. ಮಾವ ಹೇಳಿದ ಮುಂದಿನ ಸುತ್ತಿನ ಅರ್ಧಕ್ಕೆ, ಎಂದರೆ ಎರಡನ್ನು ಇಪ್ಪತ್ತು ಸಾವಿರದ ಒಂದರಿಂದ ಭಾಗಿಸಿ ಕೂಡಲು, ಸರಿಯಾಗಿ ಒಂಬತ್ತು. ಹಾಳೆಯಲ್ಲಿ ಬರೆದು ತೋರಿಸಿದೆ.

"ಒತ್ತಿದ್ದು ಯಾವ ಕೀಲಿ ಅಂತ ನೋಡಿದ್ರಾ?"

"ಕೈ ಅಡ್ಡ ಇತ್ತು."

"ಹಾಗಾದ್ರೆ ಪೈ ಬಟನ್ ಅಂತ ಹೆಂಗೆ ಬರೆದ್ರಿ?"

"ಎಲ್ರೂ ಅಂಗೇ ಅಂತಾರಲ್ಲ." ಹಾಳೆಯನ್ನು ನನ್ನ ಕಡೆಗೆ ಸರಿಸಿ ಹೇಳಿದರು, "ಅವತ್ತು ಎಷ್ಟು ಸಲ ಅಂತ ಯಾರೂ ಕೇಳ್ಲಿಲ್ಲಮ್ಮ. ಒತ್ತಿದ್ನಾ ಇಲ್ವಾ ಅಂತ ಕೇಳಿದ್ರು. ಒತ್ತಿದ ಅಂದೆ."

ನಾನು ಕೂಗಾಡಿದೆ. ಏನೇನು ಅಂದೆ ಎಂದು ಡೈರಿಯಲ್ಲಿ ಬರೆದಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ನಡುವೆ ಬರಲಿಲ್ಲ. ಅದು ಅವರ ಅಣ್ಣನ ವಿಷಯ. ಅವರು ಇಷ್ಟು ವರ್ಷ ಕೇಳದೆ ಇದ್ದದ್ದನ್ನು ನಾನು ಕೇಳುತ್ತಿದ್ದೆ.

ಮಾರನೆಯ ದಿನ ಅಪ್ಪ ಸಂಚಿಕೆಯವರಿಗೆ ಫೋನ್ ಮಾಡಿ ಆ ಪುಟ ತೆಗೆಯಲು ಕೇಳಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ವಿಡು ಪಾ, ಜೋಕ್ ದಾನೇ!" ಎಂದು ಆ ಕಡೆಯವರು ನಕ್ಕರು. ತಮಾಷೆ ತಾನೆ, ಬಿಡಪ್ಪ ಎಂದು. ಎಲ್ಲರಿಗೂ ಗೊತ್ತಿರುವ ಕತೆ, ತೆಗೆದರೆ ಯಾಕೆ ತೆಗೆದಿರಿ ಎಂದು ಕೇಳುತ್ತಾರಂತೆ. ಸುಳ್ಳು ಎನ್ನುವುದಕ್ಕೆ ಏನಾದರೂ ಇದ್ದರೆ ತನ್ನಿ, ನೋಡೋಣ ಎಂದರು. ನಿಜ ಎನ್ನುವುದಕ್ಕೆ ಏನಿದೆ ಎಂದು ಅಪ್ಪ ಕೇಳಲಿಲ್ಲ. ನಾನು ಕೇಳಿದೆ. ಅಷ್ಟರಲ್ಲಿ ಫೋನ್ ಇಟ್ಟಿದ್ದರು.

ಜೂನ್ 29ರಂದು ಅಪ್ಪನನ್ನು ಕರೆದುಕೊಂಡು ಅಂಚೆಟ್ಟಿಗೆ ಹೋದೆ. ಸುಟ್ಟ ಕ್ಯಾಲ್ಕುಲೇಟರನ್ನು ಮೊದಲು ಕೊಟ್ಟೆ, ನನ್ನ ತಪ್ಪನ್ನು ಹೇಳಿದೆ. ಮಾವ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಅಪ್ಪ ಜಗಲಿಯ ತುದಿಯಲ್ಲಿ ಕೂತಿದ್ದರು.

"ಭಾವ, ನೀವು ಒಂಬತ್ತು ಸಲ ಒತ್ತಿದ್ರಿ. ನಂಗೆ ಜ್ಞಾಪಕ ಐತೆ. ಅವ್ರಿಗೆ ಬರ್ದು ಕೊಡ್ತೀನಿ, ಸೈನ್ ಮಾಡಿ ಕೊಡ್ತೀನಿ."

ಮಾವ ಅಪ್ಪನನ್ನು ಏಕವಚನದಲ್ಲಿ ಮುಖಕ್ಕೆ ಮಾತಾಡಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವತ್ತು ಟೂಲ್‌ರೂಮಿನ ದನಿ ಬಂತು.

"ಒಂಬತ್ತು ಸಲಾನಾ? ಲೇ, ಪೈ ಒತ್ತಿ, ಆಮೇಲೆ ಕೊನೇ ಎರಡು ಅಂಕಿ ತಿದ್ದಾಕೂ ಹೆಚ್ಚುಕಮ್ಮಿ ಅಷ್ಟೇ ಸಲ ಒತ್ಬೇಕು ಕಣ್ಲಾ. ನಿನ್ ಸಾಕ್ಷಿ ಅವತ್ತೂ ಕೆಲ್ಸಕ್ ಬರ್ಲಿಲ್ಲ, ಇವತ್ತೂ ಬರಾಕಿಲ್ಲ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ. ಪೈಗೆ ಎರಡು, ತಿದ್ದಲು ಆರು. ಎಂಟು. ಅಪ್ಪ ಎಂಟು ಅಥವಾ ಒಂಬತ್ತು ಎಂದಿದ್ದರು.

"ಮತ್ತೆ ಏನ್ ಮಾಡ್ಲಿ ಭಾವ?" ಅಪ್ಪನ ಮುಖ ನೋಡಲಾಗಲಿಲ್ಲ.

"ನಿನ್ ಬಾಯ್ಮಾತ್ ಬ್ಯಾಡ. ಪುಟಾನೂ ತೆಗ್ಸಬ್ಯಾಡ. ನಂಬರ್ ತಗೊಂಡ್ ಬಾ. ಅದೇ ಥರದ್ದು ಇನ್ನೊಂದು ಎಲ್ಲಾದ್ರೂ ಇರ್ತದೆ. ಎಂಬತ್ತೊಂದು ಬಂದ್ರೆ ಆ ಪುಟದ ಕೆಳಗೇ ಹಾಕ್ಸು. ಬರ್ದೆ ಇದ್ರೆ ಅದ್ನೂ ಹಾಕ್ಸು."

ಅತ್ತೆ ಮುದ್ದೆಗೆ ಕರೆದರು. ಮಾವ ಅಪ್ಪನನ್ನು ಊಟಕ್ಕೆ ಏಳು ಎನ್ನಲಿಲ್ಲ. ಅಪ್ಪ ಎದ್ದು ಒಳಗೆ ಹೋಗಲೂ ಇಲ್ಲ. ತಟ್ಟೆಯನ್ನು ಜಗಲಿಗೇ ತಂದು, ಇಬ್ಬರ ನಡುವೆ ಕೂತು ನಾನೊಬ್ಬಳೇ ಉಂಡೆ.

ಇದನ್ನು ಜುಲೈ 2ರಂದು ಬರೆಯುತ್ತಿದ್ದೇನೆ. ಸಂಚಿಕೆ ಆಗಸ್ಟ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಕಾಲೇಜಿನ ಕಪಾಟಿನಲ್ಲಾದರೂ, ಹತ್ತು ಕೆಂಪು ಅಂಕಿಗಳ, ನಲವತ್ತೊಂಬತ್ತು ಹೆಜ್ಜೆಗಳ ಕ್ಯಾಲ್ಕುಲೇಟರ್ ಇದ್ದರೆ ದಯವಿಟ್ಟು ಓಡಿಸಿ. ಸೊನ್ನೆಯಿಂದ ಶುರು ಮಾಡಿ. ನಾಲ್ಕನ್ನು 1, 3, 5, 7 ಹೀಗೆ ಬೆಸ ಸಂಖ್ಯೆಗಳಿಂದ ಭಾಗಿಸುತ್ತ, ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತ ಹತ್ತು ಸಾವಿರ ಸುತ್ತು ಹೋಗಿ. ನಿಂತ ಮೇಲೆ ಎರಡನ್ನು 20001ರಿಂದ ಭಾಗಿಸಿ ಕೈಯಿಂದ ಕೂಡಿ. ಒಳಗೆ ಒಳ್ಳೆಯ ಬ್ಯಾಟರಿ ಇಲ್ಲದೆ ಅಡಾಪ್ಟರ್ ಚುಚ್ಚಬೇಡಿ. ಬಂದ ಹತ್ತೂ ಅಂಕಿಗಳನ್ನು, ಓಡಿಸಿದ ದಿನ ಮತ್ತು ಗಂಟೆಯ ಜೊತೆಗೆ, ಈ ಬರಹ ಪ್ರಕಟಿಸಿದವರ ಮೂಲಕ ನನಗೆ ಬರೆಯಿರಿ. ಈ ಯಂತ್ರಗಳು ಹನ್ನೊಂದನೆಯ ಅಂಕಿಯನ್ನು ಏನು ಮಾಡುತ್ತಿದ್ದವು ಎಂದು ಖಚಿತವಾಗಿ ಬಲ್ಲವರೂ ಬರೆಯಿರಿ. ಯಾವ ಉತ್ತರ ಬೇಕೆಂದು ನಾನು ಮೇಲೆ ಹೇಳಿಬಿಟ್ಟಿದ್ದೇನೆ, ಹಾಗೆ ಹೇಳಿದ್ದು ನನ್ನ ತಪ್ಪು. ನೀವು ಅದನ್ನು ಮರೆತು, ನಿಮಗೆ ಕಂಡದ್ದನ್ನೇ ಬರೆಯಿರಿ. ಏನೇ ಬಂದರೂ ಅಂಚೆಟ್ಟಿಗೆ ನಾನೇ ಹೋಗಿ ಹೇಳುತ್ತೇನೆ.